‘ಪ್ರೊಟೆಕ್ಟಿವ್‌ನೆಸ್’ ಅನ್ನು ಕನ್ನಡದಲ್ಲಿ ಬರೆಯುವುದು ಹೇಗೆ

ಇಂಗ್ಲಿಷಿನ ‘ಪ್ರೊಟೆಕ್ಟಿವ್‌ನೆಸ್’ ಒಂದು ಗುಣದ ಹೆಸರು. ತನ್ನವರಿಗೆ ಪೆಟ್ಟು ಬೀಳಬಾರದು ಎಂದು ಅಡ್ಡ ನಿಲ್ಲುವ ಮನಸ್ಸು, ಆ ಮನಸ್ಸು ಮಾಡಿಸುವ ಕೆಲಸ, ಅದು ಅತಿಯಾದಾಗ ಎದುರಿನವರಿಗೆ ಆಗುವ ಉಸಿರುಕಟ್ಟು, ಈ ಮೂರನ್ನೂ ಅದೊಂದೇ ಪದ ಹೊರುತ್ತದೆ. ಕನ್ನಡದಲ್ಲಿ ಮೂರಕ್ಕೂ ಮಾತುಗಳಿವೆ. ಆದರೆ ಅವು ಬಹುಪಾಲು ಕ್ರಿಯಾಪದಗಳು. ಯಾರು, ಯಾರನ್ನು, ಯಾವುದರಿಂದ ಎಂಬುದು ಗೊತ್ತಾಗದೆ ಅವು ಬಾಯಿಗೆ ಬರುವುದಿಲ್ಲ. ನಾಮಪದಕ್ಕೆ ನಾಮಪದವೇ ಬೇಕು ಎಂದು ಹಟ ಹಿಡಿದಾಗ ‘ರಕ್ಷಣಾತ್ಮಕತೆ’ ಹುಟ್ಟುತ್ತದೆ, ಓದುಗ ಅಲ್ಲಿಗೆ ಪುಟ ತಿರುಗಿಸುತ್ತಾನೆ.

ಈ ಟಿಪ್ಪಣಿ ಅನುವಾದಕರಿಗೆ, ಸಿನಿಮಾ ಮತ್ತು ಧಾರಾವಾಹಿಗಳ ಉಪಶೀರ್ಷಿಕೆ ಬರೆಯುವವರಿಗೆ, ಪತ್ರಿಕೆಯ ಆರೋಗ್ಯ ಹಾಗೂ ಕುಟುಂಬ ಪುಟಗಳಿಗೆ ಬರೆಯುವವರಿಗೆ. ಹೊರದೇಶದಲ್ಲಿ ಬೆಳೆದು, ಮನೆಯಲ್ಲಿ ಕನ್ನಡ ಮಾತಾಡಿದರೂ ಬರೆಯುವಾಗ ತಡವರಿಸುವವರಿಗೂ ಉಪಯೋಗಕ್ಕೆ ಬಂದೀತು.

ಮೊದಲು ಕೈಬಿಡಬೇಕಾದ್ದು

‘ರಕ್ಷಣಾತ್ಮಕ’ ಎಂಬ ಪದ ಕನ್ನಡದಲ್ಲಿ ಚೆನ್ನಾಗಿ ಬಳಕೆಯಲ್ಲಿದೆ, ಆದರೆ ಬೇರೆ ಕೆಲಸಕ್ಕೆ. ಕ್ರೀಡಾಪುಟ ತೆರೆದರೆ ಸಾಕು. ರಾಹುಲ್ ದ್ರಾವಿಡ್ ಅವರದ್ದು ರಕ್ಷಣಾತ್ಮಕ ಆಟ, ಸೆಹ್ವಾಗ್ ಅವರದ್ದು ಆಕ್ರಮಣಕಾರಿ ಆಟ. ಕಬಡ್ಡಿ, ಫುಟ್‌ಬಾಲ್ ವರದಿಗಳಲ್ಲೂ ಅಷ್ಟೇ. ಕ್ರೀಡೆಯಿಂದ ಆಚೆ ಬಂದರೆ ಅದಕ್ಕೆ ಇನ್ನೊಂದು ಅರ್ಥವಿದೆ: ಟೀಕೆ ಬಂದಾಗ ತನ್ನನ್ನು ತಾನು ಸಮರ್ಥಿಸಿಕೊಳ್ಳುವುದು. ‘ಸಚಿವರು ರಕ್ಷಣಾತ್ಮಕ ಧಾಟಿಯಲ್ಲಿ ಉತ್ತರಿಸಿದರು’ ಎಂದರೆ ಅವರಲ್ಲಿ ಏನೋ ಅಳುಕಿತ್ತು ಎಂದೇ ನಾವು ಓದುತ್ತೇವೆ.

ಹೀಗಿರುವಾಗ ‘ತಾಯಿ ಮಗನ ಬಗ್ಗೆ ರಕ್ಷಣಾತ್ಮಕವಾಗಿದ್ದಾಳೆ’ ಎಂದು ಬರೆದರೆ ಆಗುವುದೇನು? ಮಗ ಏನೋ ತಪ್ಪು ಮಾಡಿದ್ದಾನೆ, ತಾಯಿ ಅದನ್ನು ಮುಚ್ಚಿಹಾಕುತ್ತಿದ್ದಾಳೆ ಎಂಬ ಚಿತ್ರ ಬರುತ್ತದೆ. ಮೂಲದಲ್ಲಿ ಇದ್ದದ್ದು ಅಕ್ಕರೆ, ಕನ್ನಡಕ್ಕೆ ಬಂದದ್ದು ಅನುಮಾನ. ಇದು ಬರೀ ಶೈಲಿಯ ದೋಷವಲ್ಲ, ಅರ್ಥವೇ ತಿರುಗಿಬಿದ್ದಂತೆ.

ಬರೆಯುವ ಮುಂಚೆ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆ

ಕಾಯುವವರು ಯಾರು? ಕಾಯಿಸಿಕೊಳ್ಳುವವರು ಅವರಿಗೆ ಏನಾಗಬೇಕು? ಯಾವುದರಿಂದ? ಕೆಡುಕು ಆಗಲೇ ಬಂದಿದೆಯೋ, ಬಂದೀತೆಂಬ ಎಚ್ಚರವೋ, ಇಲ್ಲಾ ಆ ಮನುಷ್ಯನ ಸ್ವಭಾವವೇ ಹಾಗೋ? ಇಂಗ್ಲಿಷ್ ವಾಕ್ಯದಲ್ಲಿ ಈ ನಾಲ್ಕರಲ್ಲಿ ಎರಡಕ್ಕೆ ಉತ್ತರವೇ ಇರುವುದಿಲ್ಲ. ಹಿಂದುಮುಂದಿನ ವಾಕ್ಯಗಳನ್ನು ನೋಡಿ ನೀವೇ ತುಂಬಿಕೊಳ್ಳಬೇಕು.

ನಾಲ್ಕನೆಯ ಪ್ರಶ್ನೆಯೇ ಅರ್ಧ ಕೆಲಸ ಮುಗಿಸುತ್ತದೆ. ಕೆಡುಕು ಬಂದೇಬಿಟ್ಟಿದ್ದರೆ ‘ಕಾಪಾಡಿದ’, ‘ಪಾರು ಮಾಡಿದ’, ‘ಉಳಿಸಿದ’, ಆಡುಮಾತಿನಲ್ಲಿ ‘ಬಚಾವ್ ಮಾಡಿದ’. ದಿನಾ ನಡೆಯುವ ಕೆಲಸವಾದರೆ ‘ಕಾಯುತ್ತಾನೆ’, ‘ನೋಡಿಕೊಳ್ಳುತ್ತಾನೆ’, ‘ಜೋಪಾನ ಮಾಡುತ್ತಾನೆ’. ಬಾರದ ಹಾಗೆ ಮೊದಲೇ ತಡೆಯುವುದಾದರೆ ‘-ದಂತೆ’, ‘-ದ ಹಾಗೆ’ ಎಂಬ ಕಟ್ಟು ಬೇಕು, ಅದು ಮುಂದೆ ಬರುತ್ತದೆ. ಸ್ವಭಾವವನ್ನೇ ಹೇಳಬೇಕಿದ್ದರೆ ‘ಬಿಟ್ಟುಕೊಡುವವನಲ್ಲ’, ‘ವಹಿಸಿಕೊಂಡು ಬರುತ್ತಾಳೆ’, ‘ಅವಳಿಗೆ ತಮ್ಮ ಅಂದರೆ ಜೀವ’ ಇಂಥವು.

ಎರಡನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವವರು ಹೆಚ್ಚು, ಎಡವುವುದೂ ಅಲ್ಲೇ. ಕನ್ನಡದಲ್ಲಿ ಈ ಮಾತುಗಳಿಗೆ ಹಿರಿತನ ಕಿರಿತನ ಇದೆ. ‘ಸಲಹು’, ‘ಪೊರೆ’ ಮೇಲಿನಿಂದ ಕೆಳಕ್ಕೆ ಹರಿಯುತ್ತವೆ: ದೇವರು ಭಕ್ತರನ್ನು ಸಲಹುತ್ತಾನೆ, ಅಜ್ಜಿ ಮೊಮ್ಮಗುವನ್ನು ಸಾಕಿ ಸಲಹಿದಳು. ಮಗ ಅಪ್ಪನನ್ನು ಸಲಹಿದ ಎಂದು ಯಾರೂ ಹೇಳುವುದಿಲ್ಲ. ‘ಅಪ್ಪ ಅಮ್ಮನನ್ನು ಸಾಕುತ್ತಿದ್ದೇನೆ’ ಎಂಬುದು ಬಳಕೆಯಲ್ಲಿ ಇದೆ, ಆದರೆ ಅದರಲ್ಲಿ ಹಂಗಿನ ಮಾತಿನ ಕಹಿ ಸೇರಿರುತ್ತದೆ. ಹಿರಿಯರ ವಿಷಯದಲ್ಲಿ ‘ನೋಡಿಕೊಳ್ಳುತ್ತಾನೆ’ ಎಂಬುದೇ ಸರಿಯಾದ ಮಾತು. ‘ಅಪ್ಪನನ್ನು ಕಾಯುತ್ತಾನೆ’ ಎಂದರೆ ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾರೆ, ಇಲ್ಲವೇ ಮನೆ ಬಿಟ್ಟು ಹೊರಟುಹೋಗುವ ಅಭ್ಯಾಸ ಅವರಿಗಿದೆ ಎಂಬ ಸೂಚನೆ ಬರುತ್ತದೆ.

‘ಕಾಯು’ ಎಂಬ ಬೇರು

ಈ ವಿಷಯದಲ್ಲಿ ಕನ್ನಡದ ಮುಖ್ಯ ಬಂಡವಾಳ ‘ಕಾಯು’. ಆದರೆ ಬಳಸುವಾಗ ಎಚ್ಚರ ಬೇಕು, ಏಕೆಂದರೆ ಅದೇ ರೂಪ ಮೂರು ಕಡೆ ದುಡಿಯುತ್ತದೆ. ಹೊಲ ಕಾಯುವುದು, ಬಸ್ಸಿಗೆ ಕಾಯುವುದು, ಒಲೆಯ ಮೇಲೆ ನೀರು ಕಾಯುವುದು.

ವಿಭಕ್ತಿ ಪ್ರತ್ಯಯವೇ ಇಲ್ಲಿ ದಾರಿ ತೋರಿಸಬೇಕು. ‘ಮಗಳಿಗೆ ಕಾಯುತ್ತಿದ್ದ’, ‘ಮಗಳಿಗಾಗಿ ಕಾಯುತ್ತಿದ್ದ’ ಎಂದರೆ ದಾರಿ ನೋಡುತ್ತಿದ್ದ. ‘ಮಗಳನ್ನು ಕಾಯುತ್ತಿದ್ದ’ ಎಂದರೆ ಕಾವಲಿದ್ದ. ಆದರೆ ಇದು ಎಲ್ಲ ಕಡೆ ನಿಲ್ಲುವ ನಿಯಮವಲ್ಲ. ದಾರಿ ನೋಡುವ ಅರ್ಥದಲ್ಲೂ ‘ನಿನ್ನನ್ನೇ ಕಾಯ್ತಾ ಇದ್ದೆ’ ಎಂಬುದು ಸಲೀಸಾಗಿ ನಡೆಯುತ್ತದೆ. ಆದ್ದರಿಂದ ಕಾವಲಿನ ಅರ್ಥ ಬೇಕಿದ್ದಾಗ ಪಕ್ಕದಲ್ಲಿ ಇನ್ನೊಂದು ಗುರುತು ಇರಲಿ: ‘ರಾತ್ರಿಯೆಲ್ಲಾ ಮಗಳ ಪಕ್ಕದಲ್ಲೇ ಕೂತು ಕಾದ’, ‘ಕಣ್ಣಲ್ಲಿ ಕಣ್ಣಿಟ್ಟು ಕಾದಳು’, ‘ರೆಪ್ಪೆಯಂತೆ ಕಾದರು’.

ಭೂತಕಾಲದ ರೂಪದಲ್ಲಿ ಅಚ್ಚಿನ ಕನ್ನಡ ಒಂದು ಹಂಚಿಕೆ ಮಾಡಿಕೊಂಡಿದೆ. ‘ಕಾದು’ ಎಂಬುದು ಹೆಚ್ಚಾಗಿ ದಾರಿ ನೋಡುವುದರ ಕಡೆ ವಾಲಿದೆ: ಕಾದು ನೋಡೋಣ. ‘ಕಾಯ್ದು’ ಎಂಬುದು ಉಳಿಸಿಕೊಳ್ಳುವುದರ ಕಡೆ: ಅಂತರ ಕಾಯ್ದುಕೊಳ್ಳಿ, ಆಸನ ಕಾಯ್ದಿರಿಸಿ, ನ್ಯಾಯಾಲಯ ತೀರ್ಪು ಕಾಯ್ದಿರಿಸಿತು, ಕಾಯ್ದಿಟ್ಟ ಅರಣ್ಯ. ಉತ್ತರ ಕರ್ನಾಟಕದ ಮಾತಿನಲ್ಲಿ ಕಾವಲಿಗೂ ದಾರಿ ನೋಡುವುದಕ್ಕೂ ‘ಕಾಯ್ದ’ ಎಂದೇ ಬರುವುದುಂಟು, ಅಲ್ಲಿನ ಪಾತ್ರಕ್ಕೆ ಸಂಭಾಷಣೆ ಬರೆಯುವವರು ಈ ಹಂಚಿಕೆಯನ್ನು ಹೇರಬೇಕಿಲ್ಲ. (ಕಾನೂನಿನ ‘ಕಾಯ್ದೆ’ಗೂ ಈ ‘ಕಾಯ್’ಗೂ ನಂಟಿಲ್ಲ. ಅದು ಅರಬ್ಬಿಯಿಂದ ಬಂದದ್ದು. ರೂಪ ಒಂದೇ ಆಗಿರುವುದರಿಂದ ಜನ ನಂಟು ಕಟ್ಟುತ್ತಾರೆ.)

‘ಕಾಯುವಿಕೆ’ ಎಂಬ ನಾಮರೂಪವನ್ನು ಕಾವಲಿನ ಅರ್ಥಕ್ಕೆ ಬಳಸಲೇಬೇಡಿ. ಅದು ಈಗ ದಾರಿ ನೋಡುವುದಕ್ಕೇ ಮೀಸಲು. ‘ತಾಯಿಯ ಕಾಯುವಿಕೆ’ ಎಂಬ ತಲೆಬರಹ ಕಂಡವರು ಮಗ ಇನ್ನೂ ಊರಿಗೆ ಬಂದಿಲ್ಲ ಎಂದುಕೊಳ್ಳುತ್ತಾರೆ. ‘ಕಾಯಿಸು’ ಇನ್ನೂ ಅಪಾಯ: ಹಾಲು ಕಾಯಿಸುವುದು, ಜನರನ್ನು ಗಂಟೆಗಟ್ಟಲೆ ಕಾಯಿಸುವುದು, ಎರಡೂ ಮೊದಲು ಕಣ್ಣಿಗೆ ಬರುತ್ತವೆ.

ಇದೇ ಬೇರಿನ ‘ಕಾಪು’ ಒಂಟಿಯಾಗಿ ಈಗ ಅಪರೂಪ. ಆದರೆ ‘ಕಾಪಾಡು’, ‘ಕಾಪಿಡು’ ಎಂಬ ಎರಡು ಗಟ್ಟಿ ಕ್ರಿಯಾಪದಗಳನ್ನು ಅದು ಬಿಟ್ಟುಹೋಗಿದೆ. ಕಾಪಾಡುವುದು ಕೆಡುಕಿನಿಂದ ಉಳಿಸುವುದು, ಕಾಪಿಡುವುದು ಕೆಡದಂತೆ ಎತ್ತಿಡುವುದು. ಅಜ್ಜಿಯ ಪತ್ರಗಳನ್ನು, ಬಿತ್ತನೆ ಬೀಜವನ್ನು ಕಾಪಿಡುತ್ತಾರೆ. ಮಗುವನ್ನು ಕಾಪಿಡುವುದಿಲ್ಲ.

‘ಕಾಪಾಡು’ ಮತ್ತು ‘ಕಾಪಾಡಿಕೊಳ್ಳು’ ನಡುವಿನ ಗೆರೆಯನ್ನು ಬಹಳ ಜನ ಅಳಿಸಿಬಿಡುತ್ತಾರೆ. ‘ಕೊಳ್ಳು’ ಸೇರಿದರೆ ಫಲ ಮಾಡಿದವರಿಗೇ ಸೇರುತ್ತದೆ. ಆರೋಗ್ಯ ಕಾಪಾಡಿಕೊಳ್ಳಿ, ಹೆಸರು ಕಾಪಾಡಿಕೊಂಡ. ಮನೆತನದ ಮರ್ಯಾದೆಯನ್ನು ಮಗಳು ‘ಕಾಪಾಡಿದಳು’ ಎಂದರೆ ಅವಳು ಎಲ್ಲರ ಪರವಾಗಿ ದುಡಿದಳು, ‘ಕಾಪಾಡಿಕೊಂಡಳು’ ಎಂದರೆ ಅದು ಅವಳದ್ದೂ ಆಗಿತ್ತು. ಹಾಗೆಯೇ ‘ಗೆಳೆಯನ ಗುಟ್ಟನ್ನು ಕಾಪಾಡಿದ’ ಸರಿ, ‘ತನ್ನ ಗುಟ್ಟನ್ನು ಕಾಪಾಡಿಕೊಂಡ’ ಸರಿ, ಎರಡನ್ನು ಅದಲುಬದಲು ಮಾಡಿದರೆ ಕಿವಿಗೆ ಚುಚ್ಚುತ್ತದೆ.

‘ಕಾವಲು’ ಕೂಡಾ ಇದೇ ಮನೆಯದ್ದು, ಆದರೆ ಅದರಲ್ಲಿ ದೊಣ್ಣೆ, ಗೇಟು, ರಾತ್ರಿ ಪಾಳಿ ಇದೆ. ಹೊಸ ಪದ ಕಟ್ಟುವಾಗ ಕ ಹೋಗಿ ಗ ಬರುತ್ತದೆ: ಕಣ್ಗಾವಲು, ಬೆಂಗಾವಲು, ಮೈಗಾವಲು. ಸಿಸಿಟಿವಿಯದ್ದು ಕಣ್ಗಾವಲು, ಮಂತ್ರಿಯ ಕಾರಿನ ಹಿಂದೆ ಮುಂದೆ ಓಡುವುದು ಬೆಂಗಾವಲು ವಾಹನ. ಅಕ್ಕರೆಯ ಸಂದರ್ಭಕ್ಕೆ ‘ಕಾವಲು’ ತಂದರೆ ಜೈಲಿನ ನೆರಳು ಬೀಳುತ್ತದೆ. ಅದು ಬೇಕೆಂದೇ ತರುವುದಾದರೆ ಬೇರೆ ಮಾತು.

ಕೋಳಿಯ ‘ಕಾವು’ ಮಾತ್ರ ಬಿಸಿಯ ಕಡೆಯಿಂದ ಬಂದದ್ದು. ಕಾವಿಗೆ ಕೂತ ಕೋಳಿ ಮೊಟ್ಟೆಗೆ ಬಿಸಿ ಕೊಡುತ್ತಿರುತ್ತದೆ, ಹತ್ತಿರ ಹೋದವರನ್ನು ಕುಕ್ಕಿ ಓಡಿಸುವುದೂ ಆಗಲೇ.

‘ವಿರುದ್ಧ’ ತೆಗೆದು ‘-ದಂತೆ’ ಹಾಕುವುದು

ಕಾಪಾಡುವ ಕ್ರಿಯೆಗೆ ಕೆಡುಕನ್ನು ಜೋಡಿಸುವ ಪ್ರತ್ಯಯ ‘ಇಂದ’. ಮಳೆಯಿಂದ, ಕಳ್ಳರಿಂದ, ಸಾಲದಿಂದ ಕಾಪಾಡು. ಇಂಗ್ಲಿಷಿನ ‘ಅಗೇನ್‌ಸ್ಟ್’ ಕಣ್ಣಿಗೆ ಬಿದ್ದೊಡನೆ ‘ವಿರುದ್ಧ’ ಬರೆಯುವುದು ರೂಢಿಯಾಗಿದೆ: ‘ಸೂರ್ಯನ ಕಿರಣಗಳ ವಿರುದ್ಧ ರಕ್ಷಣೆ’, ‘ತುಕ್ಕಿನ ವಿರುದ್ಧ ರಕ್ಷಣಾತ್ಮಕ ಲೇಪನ’. ವಿರುದ್ಧ ಎಂಬುದು ದೂರು, ಹೋರಾಟ, ಪಂದ್ಯ ಇಂಥವಕ್ಕೆ ಸೇರಿದ ಪದ. ತುಕ್ಕಿನ ಮೇಲೆ ಯಾರೂ ಮೊಕದ್ದಮೆ ಹೂಡುವುದಿಲ್ಲ.

ಇಂಥಲ್ಲಿ ಕನ್ನಡದ ನಿಜವಾದ ಕಟ್ಟು ನಿಷೇಧದ್ದು. ಆಗಬಾರದ್ದನ್ನು ಹೇಳಿ, ಅದು ಆಗದ ಹಾಗೆ ಮಾಡಿದ್ದನ್ನು ಹೇಳುವುದು. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಬಳಿಯುವ ಬಣ್ಣ. ಮಗುವಿಗೆ ಬಿಸಿಲು ತಾಗದ ಹಾಗೆ ಸೆರಗು ಹೊದಿಸಿದಳು. ಸಸಿಯನ್ನು ದನ ಮೇಯದಂತೆ ಸುತ್ತ ಮುಳ್ಳು ಕಟ್ಟಿದರು. ಈ ಮೂರು ವಾಕ್ಯಗಳಲ್ಲೂ ರಕ್ಷಣೆ ಎಂಬ ಪದವಿಲ್ಲ, ರಕ್ಷಣೆ ಮಾತ್ರ ಪೂರ್ತಿ ಇದೆ. ಮಾಡುವ ಕ್ರಮ ಸುಲಭ: ಕೆಡುಕಿನ ಕ್ರಿಯಾಪದ ಹುಡುಕಿ (ಹಿಡಿ, ತಾಗು, ಮೇಯು), ಅದಕ್ಕೆ ‘-ಅದಂತೆ’ ಅಥವಾ ‘-ಅದ ಹಾಗೆ’ ಸೇರಿಸಿ (ಹಿಡಿಯದಂತೆ, ತಾಗದ ಹಾಗೆ, ಮೇಯದಂತೆ), ಆಮೇಲೆ ಮಾಡಿದ ಕೆಲಸ ಬರೆಯಿರಿ. ‘-ಅದಂತೆ’ ಬರಹಕ್ಕೆ, ‘-ಅದ ಹಾಗೆ’ ಮಾತಿಗೆ ಹತ್ತಿರ.

ಕೆಡುಕಿನ ಕ್ರಿಯಾಪದ ಸಿಗದಿದ್ದರೆ ಮೂಲ ಲೇಖಕರೇ ಅದನ್ನು ಯೋಚಿಸಿಲ್ಲ ಎಂದರ್ಥ. ‘ಎಲ್ಲ ಅಪಾಯಗಳಿಂದ ರಕ್ಷಣೆ’ ಎಂಬ ಜಾಹೀರಾತಿನ ವಾಕ್ಯಕ್ಕೆ ಕನ್ನಡದಲ್ಲಿ ಜೀವ ಬರುವುದಿಲ್ಲ. ಅಲ್ಲಿ ‘ಏನೂ ಆಗದಂತೆ’ ಎಂಬ ಸಾಮಾನ್ಯ ಮಾತೇ ಗತಿ.

ಇನ್ನೊಂದು ಕಟ್ಟು ಈಗಿನ ಬರಹದಲ್ಲಿ ಕಡಿಮೆಯಾಗುತ್ತಿರುವುದು ನಷ್ಟ: ‘-ಗೊಡು’. ಮುಟ್ಟಗೊಡು, ಹೋಗಗೊಡು, ನೋಡಗೊಡು. ಅವಕಾಶ ಕೊಡು ಎಂಬ ಅರ್ಥ, ಆದರೆ ಬರುವುದು ಹೆಚ್ಚಾಗಿ ನಿಷೇಧದಲ್ಲೇ. ‘ತಂಗಿಯ ಮೇಲೆ ಯಾರೂ ಒಂದು ಮಾತು ಆಡಗೊಡಲಿಲ್ಲ’ ಎಂಬ ವಾಕ್ಯದಲ್ಲಿ ಅಣ್ಣನ ಇಡೀ ನಿಲುವು ಬಂದಿದೆ. ಆಡುಮಾತಿಗೆ ‘ಆಡೋಕೆ ಬಿಡಲ್ಲ’, ಧಾರವಾಡದ ಕಡೆಗಾದರೆ ‘ಆಡಾಕ ಬಿಡಂಗಿಲ್ಲ’.

ಮನೆಯೊಳಗಿನ ಮಾತುಗಳು

ಮನುಷ್ಯರ ನಡುವಿನ ‘ಪ್ರೊಟೆಕ್ಟಿವ್’ ಎಂಬ ಗುಣಕ್ಕೆ ನಿಘಂಟಿನಲ್ಲಿ ಸಿಗದ, ಅಡುಗೆಮನೆಯಲ್ಲಿ ದಿನಾ ಕೇಳುವ ಎರಡು ಕ್ರಿಯಾಪದಗಳಿವೆ.

ಒಂದು ‘ವಹಿಸಿಕೊಳ್ಳು’. ಕೆಲಸ ವಹಿಸಿಕೊಳ್ಳುವುದು ಎಂಬ ಕಚೇರಿ ಅರ್ಥ ಎಲ್ಲರಿಗೂ ಗೊತ್ತು. ಆದರೆ ‘ಅವರತ್ತೆ ಮಗನ್ನ ವಹಿಸ್ಕೊಂಡೇ ಮಾತಾಡೋದು’ ಎಂದಾಗ ಅದು ಪಕ್ಷ ಹಿಡಿಯುವುದು, ತಪ್ಪು ಒಪ್ಪು ನೋಡದೆ ಬೆನ್ನಿಗೆ ನಿಲ್ಲುವುದು. ಹೇಳುವವರಿಗೆ ಅದು ಅಷ್ಟು ಹಿಡಿಸಿಲ್ಲ ಎಂಬ ಧ್ವನಿಯೂ ಜೊತೆಗೇ ಬರುತ್ತದೆ. ಆದ್ದರಿಂದ ಹೊಗಳಿಕೆಗೆ ಇದನ್ನು ಬಳಸಬೇಡಿ. ದೂರಿಗೆ, ತಮಾಷೆಗೆ ಇದಕ್ಕಿಂತ ಚೆನ್ನಾದ್ದು ಇಲ್ಲ.

ಇನ್ನೊಂದು ‘ಬಿಟ್ಟುಕೊಡು’. ‘ನನ್ನ ತಮ್ಮ ಏನೇ ಮಾಡಿರಲಿ, ನಾಲ್ಕು ಜನರ ಮುಂದೆ ಬಿಟ್ಟುಕೊಡಲ್ಲ’. ಒಳಗೆ ಬೈದರೂ ಹೊರಗೆ ಹಗುರ ಮಾಡುವುದಿಲ್ಲ ಎಂಬ ನಿಷ್ಠೆ ಇದರಲ್ಲಿದೆ. ಇಂಗ್ಲಿಷ್ ಸಂಭಾಷಣೆಯಲ್ಲಿ ಅಣ್ಣ, ಗೆಳತಿ, ತಂಡದ ನಾಯಕ ಯಾರನ್ನೇ ‘ಪ್ರೊಟೆಕ್ಟಿವ್’ ಎಂದು ಮೆಚ್ಚುಗೆಯಿಂದ ಹೇಳಿದ್ದರೆ ಹತ್ತಕ್ಕೆ ಏಳು ಸಲ ಈ ಮಾತು ಕೂರುತ್ತದೆ. ಉಪಶೀರ್ಷಿಕೆಯಲ್ಲಿ ಜಾಗವೂ ಕಡಿಮೆ ತಿನ್ನುತ್ತದೆ.

ಇದಕ್ಕೆ ತೀರ ಹತ್ತಿರದ ‘ಬಿಟ್ಟುಕೊಳ್ಳು’ ಬೇರೆ. ‘ಹತ್ತಿರ ಬಿಟ್ಟುಕೊಳ್ಳಲ್ಲ’ ಎಂದರೆ ಸಮೀಪ ಸೇರಿಸುವುದಿಲ್ಲ. ಮರಿ ಹಾಕಿದ ನಾಯಿ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಒಂದು ಅಕ್ಷರ ತಪ್ಪಿದರೂ ಅರ್ಥ ಕೈತಪ್ಪುತ್ತದೆ.

ತಾಯಿಯ ವಿಷಯಕ್ಕೆ ಬಂದರೆ ‘ಕರುಳು’ ಇದೆ. ಹೆತ್ತ ಕರುಳು, ಕರುಳು ಕೇಳಲಿಲ್ಲ, ಕರುಳು ಚುರುಕ್ ಎಂದಿತು. ನಾಮಪದವೇ ಬೇಕು ಎಂದು ಸಂಪಾದಕರು ಪಟ್ಟು ಹಿಡಿದಾಗ ಕೈಗೆ ಸಿಗುವ ಅತ್ಯಂತ ಬಲವಾದ ಪದ ಇದು. ಮಿತಿಯೂ ಇದೆ, ರಕ್ತಸಂಬಂಧದಾಚೆಗೆ ಇದನ್ನು ಎಳೆದರೆ ನಾಟಕದ ಡೈಲಾಗ್ ಆಗುತ್ತದೆ. ಅಂಥಲ್ಲಿ ‘ಕಾಯುವ ಮನಸ್ಸು’, ‘ಕಾಪಾಡುವ ಗುಣ’, ‘ಬೆನ್ನಿಗೆ ನಿಲ್ಲುವ ಸ್ವಭಾವ’ ಎಂದು ಬಿಡಿಸಿ ಬರೆಯಿರಿ. ಎರಡು ಪದವಾದರೂ ‘ರಕ್ಷಣಾತ್ಮಕತೆ’ಗಿಂತ ಉಸಿರಾಡಲು ಸುಲಭ. ಅಕ್ಕರೆ, ಮಮತೆ, ವಾತ್ಸಲ್ಯಗಳನ್ನು ಇಲ್ಲಿ ಬದಲಿಯಾಗಿ ಹಾಕುವವರಿದ್ದಾರೆ. ಅವುಗಳಲ್ಲಿ ಪ್ರೀತಿ ಇದೆ, ಅಡ್ಡ ನಿಲ್ಲುವ ಕೆಲಸ ಇಲ್ಲ.

‘ಮುಚ್ಚಟೆ’ ಎಂಬ ಸೊಗಸಾದ ಮಾತೂ ಇದೆ. ‘ಒಬ್ಬಳೇ ಮಗಳು ಅಂತ ಮುಚ್ಚಟೆಯಿಂದ ಸಾಕಿದರು’ ಎಂಬಲ್ಲಿ ಪ್ರೀತಿ ಮತ್ತು ಜೋಪಾನ ಎರಡೂ ಬೆರೆತಿವೆ. ವಸ್ತುವಿಗೂ ಸಲ್ಲುತ್ತದೆ: ತಾತನ ಗಡಿಯಾರವನ್ನು ಮುಚ್ಚಟೆಯಾಗಿ ಇಟ್ಟುಕೊಂಡಿದ್ದಾನೆ.

ಬೀಳ್ಕೊಡುವಾಗಿನ ಎಚ್ಚರಿಕೆಯ ಮಾತು ಊರಿಂದೂರಿಗೆ ಬದಲಾಗುತ್ತದೆ, ಸಂಭಾಷಣೆಯಲ್ಲಿ ಪಾತ್ರದ ಊರು ಹೇಳಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಮೈಸೂರು, ಮಂಡ್ಯದ ಅಮ್ಮ ‘ಹುಷಾರು ಕಣಪ್ಪ’, ‘ಜೋಪಾನವಾಗಿ ಹೋಗ್ಬಾ’ ಎನ್ನುತ್ತಾಳೆ. ಮಂಗಳೂರು, ಪುತ್ತೂರಿನ ಕಡೆ ‘ಜಾಗ್ರತೆ ಆಯ್ತಾ’. ಹುಬ್ಬಳ್ಳಿ, ಬೆಳಗಾವಿಯಲ್ಲಿ ‘ಜ್ವಾಕಿ, ಸಾವಕಾಶ ಹೋಗು’. ‘ಕಾಳಜಿ’ ಮರಾಠಿಯಿಂದ ಬಂದದ್ದು, ಉತ್ತರದಲ್ಲಿ ಅದಕ್ಕೆ ಈಗಲೂ ಚಿಂತೆ ಎಂಬ ಅರ್ಥ ಉಳಿದಿದೆ. ‘ಕಾಳಜಿ ಮಾಡಬ್ಯಾಡ್ರಿ’ ಎಂದರೆ ಚಿಂತೆ ಬೇಡ. ದಕ್ಷಿಣದ ಓದುಗ ಇದನ್ನು ‘ನಮ್ಮನ್ನು ನೋಡಿಕೊಳ್ಳಬೇಡಿ’ ಎಂದು ತಪ್ಪಾಗಿ ಓದಿಕೊಳ್ಳಬಹುದು, ಸಂದರ್ಭ ಬಿಗಿಯಾಗಿರಲಿ.

ಅತಿಯಾದಾಗ, ಮತ್ತು ಅದು ಪ್ರೀತಿಯೇ ಅಲ್ಲದಾಗ

‘ಓವರ್‌ಪ್ರೊಟೆಕ್ಟಿವ್’ ಎಂಬುದಕ್ಕೆ ‘ಅತಿರಕ್ಷಣಾತ್ಮಕ’ ಎಂದು ಬರೆದರೆ ಪ್ರಬಂಧವಾಗುತ್ತದೆ. ಮಾತಿನಲ್ಲಿ ಜನ ಅದನ್ನು ಕೆಲಸದಿಂದಲೇ ತೋರಿಸುತ್ತಾರೆ: ನೆಲಕ್ಕೆ ಕಾಲು ತಾಗಿಸದೆ ಬೆಳೆಸಿದರು, ಅಂಗೈಯಲ್ಲಿಟ್ಟು ಸಾಕಿದರು, ಮನೆಯಿಂದಾಚೆ ಹೆಜ್ಜೆ ಇಡಲು ಬಿಡಲಿಲ್ಲ. ಮೊದಲೆರಡರಲ್ಲಿ ಮುದ್ದು ಹೆಚ್ಚು, ಮೂರನೆಯದರಲ್ಲಿ ಹಿಡಿತ ಹೆಚ್ಚು. ಯಾವುದು ಬೇಕೋ ಅದನ್ನು ಆರಿಸಿ. ಸುಮ್ಮನೆ ‘ಅತಿಯಾದ ಕಾಳಜಿ’ ಎಂದು ಬರೆದರೆ ಎರಡರ ನಡುವೆ ತೂಗಾಡುತ್ತದೆ. ಎಲ್ಲೂ ತಪ್ಪಿಲ್ಲ, ಎಲ್ಲೂ ತೀಕ್ಷ್ಣವಾಗಿಯೂ ಇಲ್ಲ.

ಇಲ್ಲೇ ಬರೆಯುವವರ ಹೊಣೆ ಹೆಚ್ಚು. ಗಂಡ ಹೆಂಡತಿಯ ಫೋನ್ ಪರೀಕ್ಷಿಸುವುದು, ಅಣ್ಣ ತಂಗಿಯ ಹಿಂದೆ ಕಾಲೇಜಿನವರೆಗೂ ಬರುವುದು, ಪ್ರೇಮಿ ‘ಅವನ ಜೊತೆ ಮಾತಾಡಬೇಡ’ ಎನ್ನುವುದು, ಇವೆಲ್ಲ ಇಂಗ್ಲಿಷ್ ಬರಹದಲ್ಲಿ ‘ಪ್ರೊಟೆಕ್ಟಿವ್’ ಎಂಬ ಮುಸುಕಿನೊಳಗೆ ಬರುತ್ತವೆ. ಅದನ್ನು ಕನ್ನಡದಲ್ಲಿ ‘ಕಾಳಜಿ’ ಎಂದು ಬರೆದ ಕ್ಷಣ ಮುಸುಕಿಗೆ ಅನುವಾದಕ ಇನ್ನೊಂದು ಗಂಟು ಹಾಕಿದಂತೆ. ಒಂದು ಪರೀಕ್ಷೆ ಇದೆ: ಕಾಯಿಸಿಕೊಳ್ಳುವವರು ‘ಬೇಡ’ ಎಂದರೆ ಅದು ನಿಲ್ಲುತ್ತದೆಯೇ? ನಿಂತರೆ ಕಾಳಜಿ, ಜೋಪಾನ. ನಿಲ್ಲದಿದ್ದರೆ ಹಿಡಿತ, ಅಂಕೆ, ನಿರ್ಬಂಧ, ಕಾವಲು. ಮಗು ರಸ್ತೆಗೆ ಓಡುವುದನ್ನು ತಡೆಯುವಾಗ ಈ ಪರೀಕ್ಷೆ ನಡೆಯದು ನಿಜ, ದೊಡ್ಡವರ ನಡುವೆ ಮಾತ್ರ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಪಾತ್ರವೊಂದು ತನ್ನ ಬಾಯಲ್ಲಿ ‘ನಿನ್ನ ಒಳ್ಳೇದಕ್ಕೇ ಹೇಳ್ತಿರೋದು’ ಎಂದುಕೊಳ್ಳಲಿ. ನಿರೂಪಣೆ ಆ ಮಾತನ್ನು ಎರವಲು ಪಡೆಯಬಾರದು. ಕೌಟುಂಬಿಕ ದೌರ್ಜನ್ಯದ ವರದಿ ಬರೆಯುವವರಿಗೆ ಇದು ಇನ್ನೂ ಮುಖ್ಯ: ‘ಕಾಳಜಿಯಿಂದ ಹೊರಗೆ ಕಳಿಸುತ್ತಿರಲಿಲ್ಲ’ ಎಂದು ಬರೆಯುವ ಬದಲು ‘ಹೊರಗೆ ಹೋಗಲು ಬಿಡುತ್ತಿರಲಿಲ್ಲ’ ಎಂದು ನಡೆದದ್ದನ್ನಷ್ಟೇ ಬರೆಯಿರಿ.

‘ಪೊಸೆಸಿವ್’ ಎಂಬುದನ್ನು ಈಗ ಕಾಲೇಜು ಹುಡುಗರೆಲ್ಲ ಹಾಗೇ ಬಳಸುತ್ತಾರೆ. ಸಂಭಾಷಣೆಯಲ್ಲಿ ಅದನ್ನು ಹಾಗೇ ಬಿಡುವುದು ಲೇಸು. ಆದರೆ ಅದೂ ‘ಪ್ರೊಟೆಕ್ಟಿವ್’ ಕೂಡಾ ಒಂದೇ ಎಂಬಂತೆ ಬೆರೆಸಬೇಡಿ. ಪೊಸೆಸಿವ್ ಆದವನಿಗೆ ‘ನನ್ನದು’ ಎಂಬುದು ಮುಖ್ಯ, ಪ್ರೊಟೆಕ್ಟಿವ್ ಆದವನಿಗೆ ‘ಅವಳಿಗೆ ಏನೂ ಆಗಬಾರದು’ ಎಂಬುದು.

ಪ್ರಾಣಿಗಳ ಬಗ್ಗೆ ಬರೆಯುವಾಗ

ಹಳ್ಳಿಯ ಮಾತಿನಲ್ಲಿ ಪ್ರಾಣಿಗೆ ಗುಣ ಅಂಟಿಸುವುದು ಕಡಿಮೆ, ಅದು ಏನು ಮಾಡುತ್ತದೆ ಎಂದು ಹೇಳುವುದೇ ಹೆಚ್ಚು. ಈಗಷ್ಟೇ ಕರು ಹಾಕಿದ ಹಸು ಹಾಯುತ್ತದೆ, ಕೋಳಿ ಮೈಮೇಲೆ ಬರುತ್ತದೆ, ನಾಯಿ ಗುರ್ ಎನ್ನುತ್ತದೆ, ಆನೆ ಹಿಂಡು ಮರಿಯನ್ನು ನಡುವೆ ಹಾಕಿಕೊಂಡು ನಡೆಯುತ್ತದೆ. ಸಾಕುನಾಯಿ ತನ್ನ ಊಟದ ತಟ್ಟೆ, ಚೆಂಡು, ಮಂಚವನ್ನು ಯಾರಿಗೂ ಮುಟ್ಟಗೊಡದಿರುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಪಾರಿಭಾಷಿಕ ಹೆಸರಿದೆ. ಕನ್ನಡದ ಓದುಗನಿಗೆ ‘ತಟ್ಟೆಯ ಹತ್ತಿರ ಹೋದರೆ ಗುರುಗುಟ್ಟುವುದು’ ಎಂದರೆ ತಟ್ಟನೆ ತಿಳಿಯುತ್ತದೆ. ಮನೆ ಕಾಯುವ ನಾಯಿ ಎಂಬುದು ಕೆಲಸ, ಮನೆಯವರನ್ನು ಬಿಟ್ಟುಕೊಡದ ನಾಯಿ ಎಂಬುದು ಗುಣ.

ಸಂಸ್ಕೃತದ ನಾಲ್ಕು ಪದಗಳು, ಕಚೇರಿ ಮತ್ತು ಪತ್ರಿಕೆಯಲ್ಲಿ

‘ರಕ್ಷಣೆ’ ಪತ್ರಿಕೆಯಲ್ಲಿ ಹೆಚ್ಚಾಗಿ ಪಾರು ಮಾಡುವುದು: ‘ಪ್ರವಾಹದಲ್ಲಿ ಸಿಲುಕಿದ್ದ ಐವರ ರಕ್ಷಣೆ’. ಅದೇ ಪುಟದಲ್ಲಿ ‘ರಕ್ಷಣಾ ಸಚಿವ’ ಎಂದರೆ ಸೇನೆಯ ಖಾತೆ. ‘ಸಂರಕ್ಷಣೆ’ ದೀರ್ಘಕಾಲದ್ದು, ವ್ಯವಸ್ಥೆಯದ್ದು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಕೃಷಿಯಲ್ಲಿ ಸಸ್ಯ ಸಂರಕ್ಷಣೆ. ‘ಸುರಕ್ಷತೆ’ ಅಪಘಾತಕ್ಕೆ ಸಂಬಂಧಿಸಿದ್ದು: ರಸ್ತೆ ಸುರಕ್ಷತೆ, ಆಹಾರ ಸುರಕ್ಷತೆ. ‘ಭದ್ರತೆ’ ಬಂದೋಬಸ್ತಿನದ್ದು ಅಥವಾ ಖಾತರಿಯದ್ದು: ಗಡಿ ಭದ್ರತೆ, ಉದ್ಯೋಗ ಭದ್ರತೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಹೊಟ್ಟೆಗೆ ಪಡಿತರ ಸಿಗುವ ಖಾತರಿ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ತಿಂದದ್ದು ವಿಷವಾಗದಿರುವ ಏರ್ಪಾಡು. ಈ ಎರಡನ್ನು ಬೆರೆಸಿದ ವರದಿಗಳು ಆಗಾಗ ಕಾಣುತ್ತವೆ.

ಕಾಯ್ದೆ, ಹುದ್ದೆ, ಘಟಕಗಳ ಹೆಸರನ್ನು ಮಾತ್ರ ನಿಮ್ಮ ಕಿವಿಗೆ ಹಿತವಾಗುವಂತೆ ತಿದ್ದಬೇಡಿ. ಸರ್ಕಾರಿ ಕಾಗದದಲ್ಲಿ ‘ಮಕ್ಕಳ ರಕ್ಷಣಾ ಘಟಕ’ ಎಂದಿದ್ದರೆ ಹಾಗೇ ಇರಲಿ. ಅರಣ್ಯದ ವಿಷಯದಲ್ಲಂತೂ ಕಾಯ್ದಿಟ್ಟ ಅರಣ್ಯ ಮತ್ತು ಸಂರಕ್ಷಿತ ಅರಣ್ಯ ಕಾನೂನಿನ ಪ್ರಕಾರ ಬೇರೆ ಬೇರೆ ವರ್ಗಗಳು. 1927ರ ಭಾರತೀಯ ಅರಣ್ಯ ಕಾಯ್ದೆಯೇ ಅವನ್ನು ಬೇರೆ ಮಾಡಿದೆ. ಅಂದಕ್ಕಾಗಿ ಒಂದರ ಬದಲು ಇನ್ನೊಂದು ಬರೆದರೆ ಜಮೀನಿನ ಹಕ್ಕಿನ ಲೆಕ್ಕವೇ ಬದಲಾಗುತ್ತದೆ.

ಆಸ್ಪತ್ರೆ ಪುಟದಲ್ಲಿ ‘ನಿಗಾ’ ಬಳಸಿ. ತೀವ್ರ ನಿಗಾ ಘಟಕ, 24 ಗಂಟೆ ನಿಗಾದಲ್ಲಿ ಇಡಲಾಗಿದೆ. ಸಲಕರಣೆಗಳಿಗೆ ಜನ ಹೇಳುವ ಹೆಸರೇ ಸಾಕು: ಹೆಲ್ಮೆಟ್, ಕೈಗವಸು, ಸ್ಕ್ರೀನ್ ಗಾರ್ಡ್. ‘ಶಿರಸ್ತ್ರಾಣ’ ಬರೆದರೆ ಪೌರಾಣಿಕ ನಾಟಕದ ಸೇನಾಪತಿ ಸ್ಕೂಟರ್ ಹತ್ತಿದಂತೆ.

ಒಂದು ಪ್ಯಾರಾ ತಿದ್ದಿ ನೋಡುವುದು

ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

‘ಪಾಲಕರ ಅತಿಯಾದ ರಕ್ಷಣಾತ್ಮಕತೆಯು ಮಗುವಿನ ಆತ್ಮವಿಶ್ವಾಸದ ಮೇಲೆ ನಕಾರಾತ್ಮಕ ಪರಿಣಾಮವನ್ನು ಬೀರುತ್ತದೆ. ರಕ್ಷಣಾತ್ಮಕ ಪೋಷಕರು ಮಗುವನ್ನು ಎಲ್ಲಾ ಅಪಾಯಗಳ ವಿರುದ್ಧ ರಕ್ಷಿಸಲು ಪ್ರಯತ್ನಿಸುತ್ತಾರೆ. ಹಿರಿಯ ಸಹೋದರರು ಸಹ ಕಿರಿಯರ ಬಗ್ಗೆ ರಕ್ಷಣಾತ್ಮಕ ಭಾವನೆಯನ್ನು ಹೊಂದಿರುತ್ತಾರೆ.’

‘-ಆತ್ಮಕ’ ನಾಲ್ಕು ಸಲ ಬಂದಿದೆ, ‘ವಿರುದ್ಧ’ ಒಂದು ಸಲ, ‘ಹೊಂದಿರು’ ಒಂದು ಸಲ. ಈ ಮೂರನ್ನು ಕಂಪ್ಯೂಟರಿನಲ್ಲಿ ಹುಡುಕಿ ಗುರುತು ಮಾಡಿಕೊಂಡರೆ ತಿದ್ದಬೇಕಾದ ವಾಕ್ಯಗಳು ತಾವಾಗಿ ಸಿಗುತ್ತವೆ. ನಾಲ್ಕು ಪ್ರಶ್ನೆ ಹಾಕೋಣ. ಕಾಯುವವರು ಅಪ್ಪ ಅಮ್ಮ, ಆಮೇಲೆ ಅಣ್ಣ ಅಕ್ಕ. ಕಾಯಿಸಿಕೊಳ್ಳುವುದು ಮಗು, ಆದ್ದರಿಂದ ಮೇಲಿನಿಂದ ಕೆಳಕ್ಕೆ ಹರಿಯುವ ಮಾತು ಸಲ್ಲುತ್ತದೆ. ಕೆಡುಕು ಬೀಳುವುದು, ಪೆಟ್ಟಾಗುವುದು. ಹೊತ್ತು ಯಾವಾಗಲೂ, ಅಂದರೆ ಸ್ವಭಾವ. ಹೀಗಾಗಬಹುದು:

‘ಮಗು ಎಲ್ಲಿ ಬಿದ್ದೀತೋ ಎಂದು ಹೆಜ್ಜೆ ಹೆಜ್ಜೆಗೂ ಕೈ ಅಡ್ಡ ಹಿಡಿದರೆ ಅದಕ್ಕೆ ತನ್ನ ಮೇಲೆ ನಂಬಿಕೆ ಬೆಳೆಯುವುದಿಲ್ಲ. ಕೆಲವು ಮನೆಗಳಲ್ಲಿ ಮಗುವಿಗೆ ಚೂರೂ ಪೆಟ್ಟಾಗದಂತೆ ನೋಡಿಕೊಳ್ಳುವುದೇ ಅಪ್ಪ ಅಮ್ಮನ ದಿನವಿಡೀ ಕೆಲಸ. ಅಣ್ಣ ಅಕ್ಕಂದಿರೂ ಚಿಕ್ಕವರನ್ನು ಯಾರ ಮುಂದೆಯೂ ಬಿಟ್ಟುಕೊಡುವುದಿಲ್ಲ.’

ಕೊನೆಯ ವಾಕ್ಯದಲ್ಲಿ ‘ವಹಿಸಿಕೊಂಡು ಬರುತ್ತಾರೆ’ ಎಂದೂ ಹಾಕಬಹುದಿತ್ತು. ಆದರೆ ಮೂಲದಲ್ಲಿ ಅಣ್ಣ ಅಕ್ಕಂದಿರ ಮೇಲೆ ದೂರು ಇಲ್ಲ, ದೂರು ಇರುವುದು ತಂದೆತಾಯಿಯ ಮೇಲೆ ಮಾತ್ರ. ‘ಚೂರೂ’, ‘ದಿನವಿಡೀ’ ಎಂಬ ಮಾತುಗಳಲ್ಲಿ ‘ಅತಿ’ ಎಂಬುದು ಬಂದುಬಿಟ್ಟಿರುವುದರಿಂದ ಅದನ್ನು ಬೇರೆಯಾಗಿ ಹೇಳಬೇಕಿಲ್ಲ. ಮರ ಹತ್ತಗೊಡುವುದಿಲ್ಲ, ಅಂಗಡಿಗೆ ಕಳಿಸುವುದಿಲ್ಲ ಎಂಬಂಥ ವಿವರ ಸೇರಿಸುವ ಆಸೆ ಇಲ್ಲಿ ಆಗುತ್ತದೆ. ಅಂಕಣ ನಿಮ್ಮದೇ ಆಗಿದ್ದರೆ ಧಾರಾಳವಾಗಿ ಸೇರಿಸಿ. ವೈದ್ಯಕೀಯ ಸಂಶೋಧನೆಯ ಸಾರಾಂಶವನ್ನು ಅನುವಾದಿಸುತ್ತಿದ್ದರೆ ಸೇರಿಸುವಂತಿಲ್ಲ, ಅಲ್ಲಿ ಸಂಶೋಧಕರು ಅಳೆದದ್ದು ಏನನ್ನೋ ಅದರ ವಿವರಣೆಯನ್ನೇ ಮೊದಲ ಸಲ ಪೂರ್ತಿ ಬರೆದು, ಮುಂದೆ ‘ಈ ಬಗೆಯ ಪಾಲನೆ’ ಎಂದು ಕರೆಯುತ್ತಾ ಹೋದರೆ ಸಾಕಾಗುತ್ತದೆ.